ಬಸದಿಯ ಅಂಗಳದ ಹಾವಸೆ

ದಾಂಡೇಲಿಯ ಸಮೀಪದ ಕುಳಗಿಯ ಕಾಡಿನಲ್ಲಿ ಆಷಾಢ ಕಾಲಿಟ್ಟ ಮೇಲೆ ಹಸುರಾಗದ ವಸ್ತುವೇ ಉಳಿಯುವುದಿಲ್ಲ. ಜಂಬಿಟ್ಟಿಗೆಯ ದಿಬ್ಬ, ಮರದ ಬೊಡ್ಡೆ, ಮಾಡಿನ ಹೆಂಚು, ಕಾಲುದಾರಿಯ ಅಂಚು, ಎಲ್ಲದರ ಮೇಲೂ ಹಾವಸೆ ಹಬ್ಬುತ್ತದೆ. ಕಾಡಿನಲ್ಲಿ ಅದು ಯಾರಿಗೂ ತೊಡಕಲ್ಲ. ತೊಡಕು ಹುಟ್ಟುವುದು ಮನುಷ್ಯನು ಅಂಗಳ ಮಾಡಿಕೊಂಡಾಗ. ಈ ಮಳೆಯ ಸೀಮೆಯ ನೆರೆಯಲ್ಲಿ ಜಿನಾಲಯಗಳಿಗೆ ಅಂಗಳವಿದ್ದದ್ದು ಹದಿನೈದು ಶತಮಾನಗಳ ಹಿಂದಿನಿಂದ.

ಕುಳಗಿಯಿಂದ ಉತ್ತರಕ್ಕೆ ಕಾಡು ದಾಟಿ ಹೋದರೆ ಸಿಗುವ ಖಾನಾಪುರ ತಾಲೂಕಿನ ಹಲಸಿಯೇ ಕದಂಬರ ಪಲಾಶಿಕೆ. ಐದನೆಯ ಶತಮಾನದಲ್ಲಿ ಮೃಗೇಶವರ್ಮನು ತಂದೆಯ ಮೇಲಣ ಭಕ್ತಿಯಿಂದ ಅಲ್ಲಿ ಜಿನಾಲಯವೊಂದನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ 33 ನಿವರ್ತನ ಭೂಮಿಯನ್ನು ಬಿಟ್ಟನು. ಅವನ ಮಗ ರವಿವರ್ಮನ ಕಾಲದ ಹಲಸಿಯ ತಾಮ್ರಪಟವು, ಮಳೆಗಾಲದ ನಾಲ್ಕು ತಿಂಗಳೂ ಅಲ್ಲಿ ಯತಿಗಳ ಪೋಷಣೆ ನಡೆಯಬೇಕೆಂದು ವಿಧಿಸುತ್ತದೆ. ನೆಲವೆಲ್ಲ ಹಸುರಾಗಿ, ಹೆಜ್ಜೆಯಿಟ್ಟಲ್ಲಿ ಜೀವವಿರುವ ಕಾಲದಲ್ಲಿ ಮುನಿಗಳು ವಿಹಾರ ಮಾಡುವುದಿಲ್ಲ. ಈರ್ಯಾಸಮಿತಿಯನ್ನು ಪಾಲಿಸುವವರಿಗೆ ಬಸದಿಯ ಅಂಗಳವಾದರೂ ನಡೆಯಲು ಯೋಗ್ಯವಾಗಿರಬೇಕಲ್ಲವೇ?

ಈ ಪ್ರಶ್ನೆಗೆ ಹಾವೇರಿ ಜಿಲ್ಲೆಯ ದೇವಗಿರಿಯ ತಾಮ್ರಪಟದಲ್ಲಿ ಒಂದು ಬಗೆಯ ಉತ್ತರವಿದೆ. ಅದೂ ಮೃಗೇಶವರ್ಮನದೇ, ಅವನ ಆಳ್ವಿಕೆಯ ಮೂರನೆಯ ವರ್ಷದ್ದು. ದೇವಕುಲದ ಸಂಮಾರ್ಜನ, ಉಪಲೇಪನ, ಅರ್ಚನ, ಭಗ್ನಸಂಸ್ಕಾರ, ಅಂದರೆ ಗುಡಿಸುವುದು, ಸಾರಿಸುವುದು, ಪೂಜಿಸುವುದು, ಮುರಿದುದನ್ನು ಸರಿಪಡಿಸುವುದು, ಇವುಗಳಿಗಾಗಿ 40 ನಿವರ್ತನ ಕರಿಯ ನೆಲವನ್ನು ಅದರಲ್ಲಿ ಕೊಡಲಾಗಿದೆ. ಹೂವಿಗೆಂದು ಒಂದು ನಿವರ್ತನ, ಅಂಗಳಕ್ಕೆಂದೇ ಮತ್ತೊಂದು ನಿವರ್ತನ ಪ್ರತ್ಯೇಕವಾಗಿ ಸೇರಿವೆ. ಲೆಕ್ಕ ಬರೆಯಬಲ್ಲವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಗುಡಿಸುವ ಕೆಲಸವು ಪೂಜೆಗಿಂತ ಮೊದಲು ಬಂದಿದೆ. ಅದರ ಖರ್ಚು ಒಂದು ಸಲದ ಬಾಬಲ್ಲ, ವರ್ಷವರ್ಷವೂ ಭೂಮಿಯ ಹುಟ್ಟುವಳಿಯಿಂದ ಬರಬೇಕಾದದ್ದು. ನಿತ್ಯವೂ ಗುಡಿಸಿದ, ನೀರು ನಿಲ್ಲದ ನೆಲದಲ್ಲಿ ಹಾವಸೆ ಸುಲಭವಾಗಿ ಬೇರೂರದು.

ಬೇರೂರದು ಎಂಬ ಮಾತು ವಾಡಿಕೆಯದು. ವಾಸ್ತವವಾಗಿ ಹಾವಸೆಗೆ ನಿಜವಾದ ಬೇರೇ ಇಲ್ಲ. ನೂಲಿನಂಥ ಎಳೆಗಳಿಂದ ಅದು ನೆಲವನ್ನು ಹಿಡಿದಿರುತ್ತದೆ. ನೀರನ್ನು ಹೀರುವುದು ಎಲೆಗಳಿಂದಲೇ. ಅದರ ಸಂತಾನೋತ್ಪತ್ತಿಗೂ ತೆಳುವಾದ ನೀರಿನ ಪದರ ಬೇಕು. ಆದ್ದರಿಂದ ಹಾವಸೆಯು ಹುಲ್ಲನ್ನು ಓಡಿಸಿ ಬರುತ್ತದೆಂಬುದು ತಪ್ಪು ಗ್ರಹಿಕೆ. ನೆರಳು, ತುಳಿದು ಗಟ್ಟಿಯಾದ ಮಣ್ಣು, ಹರಿದುಹೋಗದ ನೀರು, ಬುಡಮಟ್ಟ ಕತ್ತರಿಸಿದ ಹುಲ್ಲು, ಇವುಗಳಿಂದ ಹುಲ್ಲು ಸೊರಗಿದ ಮೇಲೆ ತೆರವಾದ ಜಾಗಕ್ಕೆ ಅದು ಬರುತ್ತದೆ.

ಶಾಸ್ತ್ರಕಾರರು ಇದನ್ನು ಅಲಕ್ಷಿಸಿಲ್ಲ. ವಟ್ಟಕೇರಾಚಾರ್ಯರ ಮೂಲಾಚಾರವು ಬಾದರ ವನಸ್ಪತಿಕಾಯಗಳಲ್ಲಿ ಶೈವಾಲವನ್ನೂ ಪಣಕವನ್ನೂ ಹೆಸರಿಸುತ್ತದೆ. ಟೀಕಾಕಾರ ವಸುನಂದಿಯವರು ನೀರಿನಲ್ಲಿ ಬೆಳೆಯುವುದು ಶೈವಾಲ, ನೆಲದ ಮೇಲೆಯೂ ಇಟ್ಟಿಗೆ ಮೊದಲಾದವುಗಳ ಮೇಲೆಯೂ ಹುಟ್ಟುವುದು ಪಣಕ ಎಂದು ಬಿಡಿಸಿ ಹೇಳುತ್ತಾರೆ. ಇವು ಸಾಧಾರಣ ವನಸ್ಪತಿಗಳು. ಒಂದೇ ಶರೀರದಲ್ಲಿ ಅನಂತ ಜೀವಗಳಿಗೆ ಆಹಾರವೂ ಉಸಿರೂ ಸಮಾನ. ಇದಲ್ಲದೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಿಡಿಯಷ್ಟು ಹಾವಸೆಯಲ್ಲಿ ದುಂಡುಹುಳುಗಳು, ಚಕ್ರಜೀವಿಗಳು, 1773ರಲ್ಲಿ ಜರ್ಮನಿಯ ಗೋಟ್ಸೆ ಗುರುತಿಸಿದ ಎಂಟು ಕಾಲಿನ ನೀರುಕರಡಿಗಳು ಚಲಿಸುತ್ತಿರುವುದು ಕಾಣುತ್ತದೆ. ಹಾವಸೆ ಕೇವಲ ಏಕೇಂದ್ರಿಯವೆಂದು ಔಷಧ ಸಿಂಪಡಿಸುವವರು ತ್ರಸಜೀವಿಗಳ ಮೇಲೂ ಅದನ್ನು ಸುರಿಯುತ್ತಿರುತ್ತಾರೆ.

ಇನ್ನು ಹುಲ್ಲುಹಾಸಿನ ವಿಚಾರ. ಇದು ನಮ್ಮ ಬಸದಿಗಳ ಪರಂಪರೆಯದಲ್ಲ. ಮೂಡಬಿದಿರೆಯ 1430ರ ಸಾವಿರ ಕಂಬದ ಬಸದಿಯನ್ನು ನೋಡಿದರೆ ಎತ್ತರದ ಜಗತಿ, ಇಳಿಜಾರಾದ ಮಾಡು, ಕಲ್ಲು ಹಾಸಿದ ಅಂಗಳ, ಎಲ್ಲವೂ ನೀರನ್ನು ದೂರ ಕಳುಹಿಸಲೆಂದೇ ಇರುವಂಥವು. ಅಚ್ಚುಕಟ್ಟಾಗಿ ಕತ್ತರಿಸಿದ ಹುಲ್ಲುಹಾಸು ಇಂಗ್ಲೆಂಡಿನ ಸಿರಿವಂತರ ಮನೆಗಳಿಂದ ಬಂದದ್ದು. ಹುಲ್ಲು ಕತ್ತರಿಸುವ ಯಂತ್ರವನ್ನು ಎಡ್ವಿನ್ ಬಡ್ಡಿಂಗ್ ಎಂಬವನು ರೂಪಿಸಿದ್ದು 1830ರಲ್ಲಿ. ಲಾರ್ಡ್ ಕರ್ಜನ್ ವೈಸರಾಯನಾಗಿದ್ದಾಗ ತಾಜಮಹಲಿನ ತೋಟಕ್ಕೆ ಈ ರೂಪ ಬಂದಿತು. ಆಮೇಲೆ ಸ್ಮಾರಕವೆಂದರೆ ಸುತ್ತ ಹುಲ್ಲುಹಾಸು ಎಂಬ ರೂಢಿ ಬೆಳೆಯಿತು. ಇಂಗ್ಲೆಂಡಿನವರು ಹಾವಸೆಗೆ ಹಾಕುವ ಮದ್ದು ನಮ್ಮ ಗ್ರಂಧಿಗೆ ಅಂಗಡಿಯ ಅನ್ನಭೇದಿಯೇ. ಹಾಕಿದ ಕೆಲವೇ ದಿನಗಳಲ್ಲಿ ಹಾವಸೆ ಕಪ್ಪಾಗಿ ಸಾಯುತ್ತದೆ. ನೆರಳೂ ತೇವವೂ ಹಾಗೆಯೇ ಇದ್ದರೆ ಮರುವರ್ಷ ಮತ್ತೆ ಹುಟ್ಟುತ್ತದೆ, ಮತ್ತೆ ಕೊಲ್ಲಬೇಕಾಗುತ್ತದೆ. ಸುಣ್ಣವೂ ಪೂರ್ಣ ಪರಿಹಾರವಲ್ಲ. ಹಳೆಯ ಸುಣ್ಣದ ಗಾರೆಯ ಮೇಲೆಯೇ ಒಲಿದು ಬೆಳೆಯುವ ಹಾವಸೆಗಳುಂಟು. ಜಪಾನಿನ ಕ್ಯೋಟೋದ ಸಾಯ್‌ಹೋಜಿ ಮಂದಿರದವರು ಹಾವಸೆಯನ್ನೇ ತೋಟವಾಗಿ ಉಳಿಸಿಕೊಂಡಿದ್ದಾರೆ, ಅಲ್ಲಿ ಸುಮಾರು 120 ಜಾತಿಗಳಿವೆ ಎನ್ನುತ್ತಾರೆ. ನೋಡಲು ಚೆಂದ; ಆದರೆ ಮುನಿಗಳು ಕಾಲಿಡಲಾಗದ ಅಂಗಳ ಬಸದಿಗೆ ಒದಗದು.

ಶ್ರಾವಕರಲ್ಲಿ ಈ ಬಗ್ಗೆ ಎರಡು ಪಕ್ಷಗಳು ಕಾಣುತ್ತವೆ. ಸ್ಥಾವರಹಿಂಸೆ ಗೃಹಸ್ಥನಿಗೆ ಅನಿವಾರ್ಯ, ಉಜ್ಜಿ ತೆಗೆಯಿರಿ ಎನ್ನುವವರು ಒಂದು ಕಡೆ; ಮುಟ್ಟಲೇಬಾರದೆಂದು ಬಿಟ್ಟು, ದರ್ಶನಕ್ಕೆ ಬರುವ ವೃದ್ಧರು ಜಾರಿ ಬಿದ್ದರೂ ಸುಮ್ಮನಿರುವವರು ಇನ್ನೊಂದು ಕಡೆ. ಎರಡನೆಯದನ್ನು ದಯೆಯೆನ್ನುವುದು ಕಷ್ಟ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲ ಅಗೆಯುವುದನ್ನೂ ನೀರು ಚೆಲ್ಲುವುದನ್ನೂ ಗಿಡ ಕೀಳುವುದನ್ನೂ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ದಾರಿಯನ್ನು ನಡೆಯಲು ಯೋಗ್ಯವಾಗಿಡುವುದಕ್ಕೆ ಪ್ರಯೋಜನವಿದೆ. ಅಲಂಕಾರಕ್ಕಾಗಿ ಹುಲ್ಲು ಬೆಳೆಸಿ, ದಿನವೂ ನೀರು ಹನಿಸಿ, ಆ ನೀರಿನಿಂದ ಹುಟ್ಟಿದ ಹಾವಸೆಗೆ ವಿಷ ಹಾಕುವುದರಲ್ಲಿ ಯಾವ ಪ್ರಯೋಜನವಿದೆಯೆಂದು ಅಂಥ ಬಸದಿಗಳ ಆಡಳಿತದವರೇ ಹೇಳಬೇಕು.

ಒಣಗಿದ ಮೇಲೆ ಅದು ಅಚಿತ್ತ, ಆಗ ಕೆರೆದರೆ ದೋಷವಿಲ್ಲ ಎಂಬ ಒಂದು ಸಮಾಧಾನವೂ ಉಂಟು. ಇದನ್ನು ವಿದ್ವಾಂಸರು ಮತ್ತೆ ಪರಿಶೀಲಿಸಬೇಕಾಗಿದೆ. ಬೇಸಗೆಯಲ್ಲಿ ಕಂದಿ ಪುಡಿಯಂತಾದ ಅನೇಕ ಹಾವಸೆಗಳು ನೀರು ಬಿದ್ದೊಡನೆ ಹಸುರಾಗಿ ಉಸಿರಾಡತೊಡಗುತ್ತವೆ. ಅವುಗಳೊಳಗಿನ ನೀರುಕರಡಿಯೂ ಹಾಗೆಯೇ ಮುದುಡಿ ಕಾದಿರುತ್ತದೆ. ಹುಟ್ಟಿದ ಮೇಲೆ ನಿರ್ದೋಷವಾಗಿ ತೆಗೆಯುವ ಕಾಲವೊಂದಿದೆ ಎಂಬ ನಂಬಿಕೆ ಇದರಿಂದ ಸಡಿಲವಾಗುತ್ತದೆ. ಹುಟ್ಟದಂತೆ ನೋಡಿಕೊಳ್ಳುವ ಸಂಮಾರ್ಜನದ ದಾರಿಯೇ ಉಳಿಯುತ್ತದೆ. ತರಗೆಲೆ ಗುಡಿಸುವುದು, ಬಚ್ಚಲಗಂಡಿ ಬಿಡಿಸುವುದು, ಮಾಡಿನ ನೀರು ಅಂಗಳಕ್ಕೆ ಬೀಳದಂತೆ ತಿರುಗಿಸುವುದು, ನಡೆಯುವ ಪಟ್ಟಿಗೆ ಒರಟು ಕಲ್ಲು ಹಾಸುವುದು, ಜನ ಓಡಾಡದ ಬದಿಯನ್ನು ಹಾವಸೆಗೇ ಬಿಡುವುದು: ಇವೆಲ್ಲ ವೈಶಾಖದಲ್ಲಿ ತೊಡಗಿ ಜ್ಯೇಷ್ಠದ ಮೊದಲ ಮಳೆಗೆ ಮುಂಚೆ ಮುಗಿಯಬೇಕಾದ ಕೆಲಸಗಳು. ಆಷಾಢದಲ್ಲಿ ಚಾತುರ್ಮಾಸದ ಸ್ಥಾಪನೆಯಾದ ಮೇಲೆ ಅಂಗಳದಲ್ಲಿ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.