ರಿಲೇ ರೂಮಿನ ಐದು ಹೆಣ್ಣುಮಕ್ಕಳು

ಬೆಂಗಳೂರಿನ ಆಫೀಸುಗಳಲ್ಲಿ ಈಗ ಒಂದು ಪದ ತುಂಬಾ ಓಡ್ತಾ ಇದೆ. ಬಾಂಡಿಂಗ್! ಸಹೋದ್ಯೋಗಿಗಳ ನಡುವೆ ಬಾಂಡಿಂಗ್ ಇಲ್ಲ, ಬೆಳೆಸಬೇಕು ಅಂತಾರೆ. ಅದಕ್ಕೆ ಟೀಮ್ ಔಟಿಂಗ್, ಶುಕ್ರವಾರದ ಆಟಗಳು, ರೆಸಾರ್ಟಿನಲ್ಲಿ ಹಗ್ಗ ಜಗ್ಗಾಟ. ಸೋಮವಾರ ಬೆಳಗ್ಗೆ ನೋಡಿದರೆ ಮತ್ತದೇ ಕಥೆ. ಪಕ್ಕದ ಸೀಟಿನವನಿಗೂ ಮೆಸೇಜು, ಎದುರಿನವಳಿಗೂ ಮೆಸೇಜು. 2020ರಲ್ಲಿ ಮನೆಯಿಂದಲೇ ಕೆಲಸ ಶುರುವಾದ ಮೇಲಂತೂ ಮ್ಯಾನೇಜರ್ ಮುಖವನ್ನೇ ನೇರವಾಗಿ ನೋಡದೆ ಕೆಲಸಕ್ಕೆ ಸೇರಿ, ಕೆಲಸ ಬಿಟ್ಟವರೂ ಇದ್ದಾರೆ.

ಹಾಗಾದರೆ ಜೊತೆಯಲ್ಲಿ ದುಡಿಯುವವರ ನಡುವೆ ಸಂಬಂಧ ಬೆಳೆಯೋದು ಹೇಗೆ? ಅದನ್ನು ಬೆಳೆಸೋದು ಯಾರು? ಬೆಳೆದ ಮೇಲೆ ಅದು ಯಾರ ಸ್ವತ್ತು? ಈ ಮೂರನೇ ಪ್ರಶ್ನೆಯನ್ನು ಯಾರೂ ಕೇಳೋದಿಲ್ಲ. ನೂರು ವರ್ಷದ ಹಿಂದೆ ಅಮೆರಿಕದ ಒಂದು ಟೆಲಿಫೋನ್ ಕಾರ್ಖಾನೆಯಲ್ಲಿ ಈ ಮೂರಕ್ಕೂ ಉತ್ತರ ಸಿಕ್ಕಿತ್ತು. ಸಿಕ್ಕಿದ ಉತ್ತರದಲ್ಲಿ ಅರ್ಧವನ್ನು ಜಗತ್ತು ಹಾಡಿ ಹೊಗಳಿತು. ಇನ್ನರ್ಧವನ್ನು ಮರೆತೇಬಿಟ್ಟಿತು.

ಮೊದಲು ಆ ಕಾಲ ಹೇಗಿತ್ತು ನೋಡಿ. ಫ್ರೆಡರಿಕ್ ಟೇಲರ್ ಅಂತ ಒಬ್ಬ ಎಂಜಿನಿಯರ್. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಕಾರ್ಮಿಕನ ಒಂದೊಂದು ಚಲನೆಯನ್ನೂ ಅಳೆದವನು. 1911ರಲ್ಲಿ ಅವನ ಪುಸ್ತಕ ಬಂತು. ಅದರಲ್ಲಿ ಸೈಕಲ್ಲಿನ ಬೇರಿಂಗ್ ಗುಂಡುಗಳನ್ನು ತಪಾಸಣೆ ಮಾಡುವ ಹೆಣ್ಣುಮಕ್ಕಳ ಪ್ರಸಂಗ ಬರುತ್ತದೆ. 120 ಜನ ಮಾಡುತ್ತಿದ್ದ ಕೆಲಸವನ್ನು ಕೊನೆಗೆ 35 ಜನ ಮಾಡಿದರು. ಅವರಿಗೆ ನಡುನಡುವೆ ಹತ್ತು ನಿಮಿಷದ ವಿರಾಮ ಇತ್ತು, ಸಂಬಳವೂ ಹೆಚ್ಚಿತ್ತು. ಆದರೆ ಕೆಲಸದ ಹೊತ್ತಿನಲ್ಲಿ ಪರಸ್ಪರ ಮಾತಾಡೋಕೆ ಆಗದಷ್ಟು ದೂರ ದೂರ ಅವರನ್ನು ಕೂರಿಸಿದ್ದರು. ಬೆತ್ಲೆಹೆಮ್ ಸ್ಟೀಲ್ ಕಾರ್ಖಾನೆಯಲ್ಲಿ ವಿಶೇಷ ಅನುಮತಿ ಇಲ್ಲದೆ ನಾಲ್ಕಕ್ಕಿಂತ ಹೆಚ್ಚು ಕೂಲಿಗಳು ಒಂದು ಗುಂಪಾಗಿ ಕೆಲಸ ಮಾಡುವ ಹಾಗೇ ಇರಲಿಲ್ಲ. ಗುಂಪು ಸೇರಿದರೆ ಸೋಮಾರಿತನ, ಮಾತಾಡಿದರೆ ನಷ್ಟ. ಇದು ಅಂದಿನ ಆಡಳಿತಶಾಸ್ತ್ರ.

ಈಗ ಷಿಕಾಗೊ ಪಕ್ಕದ ಸಿಸೆರೊ ಪಟ್ಟಣಕ್ಕೆ ಬನ್ನಿ. ಅಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಇತ್ತು. ಅಮೆರಿಕದ ಮನೆಮನೆಗೆ ಹೋಗುತ್ತಿದ್ದ ಟೆಲಿಫೋನು, ಎಕ್ಸ್‌ಚೇಂಜಿಗೆ ಬೇಕಾದ ಉಪಕರಣ, ಎಲ್ಲವೂ ತಯಾರಾಗುತ್ತಿದ್ದದ್ದು ಅಲ್ಲಿ. ಉಚ್ಛ್ರಾಯದ ಕಾಲದಲ್ಲಿ ಸುಮಾರು 40 ಸಾವಿರ ಜನ ದುಡಿಯುತ್ತಿದ್ದರು. ಅದೊಂದು ಊರೇ ಸ್ವಾಮಿ! ಆಸ್ಪತ್ರೆ, ಸಂಜೆ ಶಾಲೆ, ಆಟದ ಮೈದಾನ, ನೌಕರರ ಕ್ಲಬ್ಬು ಎಲ್ಲ ಇತ್ತು.

ಆ ಕ್ಲಬ್ಬು ಪ್ರತಿವರ್ಷ ಪಿಕ್‌ನಿಕ್ ಏರ್ಪಡಿಸುತ್ತಿತ್ತು. ಇವತ್ತಿನ ಟೀಮ್ ಔಟಿಂಗಿನ ಮುತ್ತಜ್ಜ ಅನ್ನಿ. 1915ರ ಜುಲೈ 24, ಶನಿವಾರ. ನೌಕರರು ಹೊಸ ಬಟ್ಟೆ ತೊಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಷಿಕಾಗೊ ನದಿಯ ದಡಕ್ಕೆ ಬಂದರು. ಈಸ್ಟ್‌ಲ್ಯಾಂಡ್ ಎಂಬ ಹಡಗಿಗೆ 2,500ಕ್ಕೂ ಹೆಚ್ಚು ಜನ ಹತ್ತಿದರು. ಟೈಟಾನಿಕ್ ದುರಂತದ ನಂತರ ಹಡಗುಗಳಲ್ಲಿ ಲೈಫ್‌ಬೋಟ್ ಹೆಚ್ಚಿಸಬೇಕು ಅಂತಾಗಿ, ಮೊದಲೇ ತಲೆಭಾರವಿದ್ದ ಈ ಹಡಗಿನ ಮೇಲೆ ಇನ್ನಷ್ಟು ಭಾರ ಬಿದ್ದಿತ್ತು. ಹಡಗು ಹೊರಡಲೇ ಇಲ್ಲ. ದಡದಲ್ಲೇ, ದಡದವರ ಕಣ್ಣೆದುರೇ ಮಗ್ಗುಲಾಯಿತು. 844 ಜನ ಸತ್ತರು. 22 ಕುಟುಂಬಗಳಲ್ಲಿ ಒಬ್ಬರೂ ಉಳಿಯಲಿಲ್ಲ.

ಪಿಕ್‌ನಿಕ್ಕಿಗೆ ಬರಲೇಬೇಕು ಅನ್ನುವ ಒತ್ತಡ ನೌಕರರ ಮೇಲಿತ್ತು ಅಂತ ಕವಿಯೂ ಪತ್ರಕರ್ತನೂ ಆಗಿದ್ದ ಕಾರ್ಲ್ ಸ್ಯಾಂಡ್‌ಬರ್ಗ್ ಅದೇ ವರ್ಷ ಕಟುವಾಗಿ ಬರೆದ. ದುರಂತಕ್ಕೆ ಕಾರಣ ಹಡಗು, ಪಿಕ್‌ನಿಕ್ ಅಲ್ಲ, ನಿಜ. ಆದರೆ ಸ್ಯಾಂಡ್‌ಬರ್ಗ್ ಎತ್ತಿದ ಪ್ರಶ್ನೆ ಇವತ್ತಿಗೂ ಜೀವಂತ. ಬಾ ಅಂತ ಕರೆಯೋದಕ್ಕೂ ಬಾರದೆ ಇದ್ದರೆ ನೋಡ್ಕೋತೀವಿ ಅನ್ನೋದಕ್ಕೂ ವ್ಯತ್ಯಾಸ ಇಲ್ವಾ?

ಅದೇ ಕಾರ್ಖಾನೆಯಲ್ಲಿ 1924ರಲ್ಲಿ ಪ್ರಯೋಗಗಳು ಶುರುವಾದವು. ಮೊದಲ ಪ್ರಶ್ನೆ ಬಹಳ ಸರಳ. ಬೆಳಕು ಹೆಚ್ಚಿಸಿದರೆ ಕೆಲಸ ಹೆಚ್ಚುತ್ತದಾ? ಬೆಳಕು ಹೆಚ್ಚಿಸಿದರು, ಕೆಲಸ ಹೆಚ್ಚಾಯಿತು. ಕಡಿಮೆ ಮಾಡಿದರು, ಆಗಲೂ ಕೆಲಸ ಬೀಳಲಿಲ್ಲ. ಒಮ್ಮೆಯಂತೂ ಇಬ್ಬರು ಹೆಣ್ಣುಮಕ್ಕಳು ಬರೀ ಬೆಳದಿಂಗಳಷ್ಟು ಬೆಳಕಿನಲ್ಲಿ ಕೂತು ಎಂದಿನಂತೆ ಕೆಲಸ ಮಾಡಿದರು. ಎಂಜಿನಿಯರುಗಳಿಗೆ ತಲೆ ಕೆಟ್ಟುಹೋಯಿತು.

1927ರಲ್ಲಿ ಎರಡನೇ ಪ್ರಯೋಗ. ಐದು ಜನ ಯುವತಿಯರನ್ನು ದೊಡ್ಡ ಹಾಲಿನಿಂದ ತೆಗೆದು ಒಂದು ಚಿಕ್ಕ ಕೋಣೆಯಲ್ಲಿ ಸಾಲಾಗಿ ಕೂರಿಸಿದರು. ಬಿಡಿಭಾಗ ಒದಗಿಸಲು ಇನ್ನೊಬ್ಬಳು. ಕೆಲಸ ಏನು? ಟೆಲಿಫೋನ್ ರಿಲೇ ಜೋಡಿಸೋದು. ಅಂಗೈಯಲ್ಲಿ ಹಿಡಿಯುವ ಆ ವಸ್ತುವಿಗೆ ಸುಮಾರು 35 ಭಾಗಗಳು. ಹೆಚ್ಚುಕಮ್ಮಿ ನಿಮಿಷಕ್ಕೊಂದು ರಿಲೇ ಮುಗಿಸಬೇಕು. ಮಾತಾಡಬಹುದು, ಅಡ್ಡಿ ಇಲ್ಲ. ಬೆನ್ನ ಮೇಲೆ ನಿಂತು ಗದರುವ ಮೇಸ್ತ್ರಿಯ ಬದಲು, ಎಲ್ಲವನ್ನೂ ಬರೆದುಕೊಳ್ಳುವ ಒಬ್ಬ ವೀಕ್ಷಕ.

ಮೊದಲು ಐದು ನಿಮಿಷದ ಎರಡು ವಿರಾಮ ಕೊಟ್ಟರು. ಆಮೇಲೆ ಹತ್ತು ನಿಮಿಷ ಮಾಡಿದರು. ಬೆಳಗಿನ ತಿಂಡಿ ಕೊಟ್ಟರು. ಅರ್ಧ ಗಂಟೆ ಬೇಗ ಮನೆಗೆ ಬಿಟ್ಟರು. ಉತ್ಪಾದನೆ ಏರುತ್ತಲೇ ಹೋಯಿತು. ಹನ್ನೆರಡನೇ ಹಂತದಲ್ಲಿ ವಿರಾಮ, ತಿಂಡಿ ಎಲ್ಲ ಕಿತ್ತುಕೊಂಡು ಮೊದಲಿನ ಹಾಗೆ ದುಡಿಸಿದರು. ಆಗಲೂ ಇಳಿಯಲಿಲ್ಲ! ವಾರಕ್ಕೆ ತಲಾ ಸುಮಾರು 2,400 ಇದ್ದದ್ದು 2,900 ದಾಟಿತು.

ಆ ಕೋಣೆಯಲ್ಲಿ ಆದದ್ದೇನು? ಒಬ್ಬಳಿಗೆ ಸುಸ್ತಾದರೆ ಇನ್ನೊಬ್ಬಳು ಕೈ ಜೋರು ಮಾಡುತ್ತಿದ್ದಳು. ಹುಟ್ಟುಹಬ್ಬ ಆಚರಿಸುತ್ತಿದ್ದರು. ಒಬ್ಬರ ಮನೆಗೆ ಇನ್ನೊಬ್ಬರು ಹೋಗುತ್ತಿದ್ದರು. 1928ರಲ್ಲಿ ಹಾರ್ವರ್ಡಿನಿಂದ ಬಂದ ಎಲ್ಟನ್ ಮೇಯೊ ಇದನ್ನೆಲ್ಲ ನೋಡಿ ಒಂದು ಸಿದ್ಧಾಂತ ಕಟ್ಟಿದ. ಮನುಷ್ಯ ಬರೀ ಕಾಸಿಗೆ ದುಡಿಯೋದಿಲ್ಲ, ತನ್ನನ್ನು ಗಮನಿಸುವವರು ಬೇಕು, ತನ್ನದೊಂದು ಗುಂಪು ಬೇಕು. ಜಗತ್ತಿನ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಇದೇ ಪಾಠವಾಯಿತು. ಇವತ್ತಿನ ಎಚ್‌.ಆರ್‌. ವಿಭಾಗದ ಬೇರು ಹುಡುಕುತ್ತಾ ಹೋದರೆ ಈ ಕೋಣೆ ಸಿಗುತ್ತದೆ.

ಇದು ಹಾಡಿ ಹೊಗಳಿದ ಅರ್ಧ. ಈಗ ಮರೆತ ಅರ್ಧ ಕೇಳಿ.

1928ರ ಜನವರಿಯಲ್ಲಿ ಆ ಐವರಲ್ಲಿ ಇಬ್ಬರನ್ನು ಪ್ರಯೋಗದಿಂದ ಹೊರಗೆ ಹಾಕಿದರು. ತಪ್ಪೇನು? ಅತಿಯಾಗಿ ಮಾತಾಡ್ತಾರೆ, ಹೇಳಿದ ಮಾತು ಕೇಳೋದಿಲ್ಲ. ಮಾತಾಡಿ ಅಂದವರೂ ಅವರೇ, ಮಾತು ಜಾಸ್ತಿಯಾಯಿತು ಅಂದವರೂ ಅವರೇ! ಅವರ ಜಾಗಕ್ಕೆ ಚುರುಕಾದ ಇಬ್ಬರು ಬಂದರು. ಜೊತೆಗೆ ಕೂಲಿಯ ಲೆಕ್ಕವೂ ಬದಲಾಗಿತ್ತು. ಮೊದಲು ಸುಮಾರು ನೂರು ಜನರ ದೊಡ್ಡ ಗುಂಪಿನ ಒಟ್ಟು ಕೆಲಸದ ಮೇಲೆ ಕಾಸು ಸಿಗುತ್ತಿತ್ತು. ಈಗ ಈ ಪುಟ್ಟ ಗುಂಪಿನ ಕೆಲಸಕ್ಕೆ ನೇರವಾಗಿ ಕಾಸು. ಹೆಚ್ಚು ಜೋಡಿಸಿದರೆ ಹೆಚ್ಚು ಸಂಪಾದನೆ. ಅಂದರೆ ಸ್ನೇಹದ ಜೊತೆಗೆ ಕಾಸಿನ ಲೆಕ್ಕವೂ ಇತ್ತು, ಕೆಲಸ ಕಳೆದುಕೊಳ್ಳುವ ಭಯವೂ ಇತ್ತು. ಬೆಳಕಿನ ಪ್ರಯೋಗದ ಹಳೆಯ ಅಂಕಿಅಂಶಗಳನ್ನು ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಹುಡುಕಿ ತೆಗೆದು ಪರಿಶೀಲಿಸಿದಾಗ, ಪ್ರಸಿದ್ಧವಾದ ಆ ಪವಾಡದಲ್ಲೂ ಹೆಚ್ಚಿನದ್ದು ಉತ್ಪ್ರೇಕ್ಷೆ ಅಂತ ಗೊತ್ತಾಯಿತು.

ಹಾಗಂತ ಹಾಥಾರ್ನ್ ಬರೀ ಬುರುಡೆನಾ? ಅಲ್ಲ. ಅಲ್ಲಿಯ ದೊಡ್ಡ ಕೆಲಸ ಬೇರೆ ಇದೆ. 1928ರಿಂದ 1930ರವರೆಗೆ ಸುಮಾರು 21 ಸಾವಿರ ನೌಕರರನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಿದರು. ಮೊದಲು ಸಿದ್ಧ ಪ್ರಶ್ನೆಗಳ ಪಟ್ಟಿ ಹಿಡಿದು ಕೂತರು. ನೌಕರರು ಪ್ರಶ್ನೆ ಬಿಟ್ಟು ಬೇರೇನೋ ಹೇಳತೊಡಗಿದರು. ಕೊನೆಗೆ ಪಟ್ಟಿ ಪಕ್ಕಕ್ಕಿಟ್ಟು ಸುಮ್ಮನೆ ಕೇಳಿಸಿಕೊಂಡರು. ಅರ್ಧ ಗಂಟೆಯ ಸಂದರ್ಶನ ಒಂದೂವರೆ ಗಂಟೆಗೆ ಬೆಳೆಯಿತು. ಇವತ್ತು ಐದು ನಕ್ಷತ್ರ ಒತ್ತಿ ಫೀಡ್‌ಬ್ಯಾಕ್ ಕೊಡಿ ಅನ್ನುವ ಕಂಪನಿಗಳು ಇದನ್ನು ಸ್ವಲ್ಪ ಗಮನಿಸಬೇಕು.

ಕೊನೆಯ ಪ್ರಯೋಗ 1931ರ ನವೆಂಬರಿನಲ್ಲಿ. ಈ ಸಲ 14 ಗಂಡಸರು. ಟೆಲಿಫೋನ್ ಸ್ವಿಚ್ಚುಗಳಿಗೆ ತಂತಿ ಜೋಡಿಸುವವರು, ಬೆಸುಗೆ ಹಾಕುವವರು, ತಪಾಸಣೆಯವರು. ಇವರಲ್ಲೂ ಬಾಂಡಿಂಗ್ ಇತ್ತು, ಗಟ್ಟಿಯಾಗೇ ಇತ್ತು. ಆದರೆ ಕಂಪನಿ ಬಯಸಿದ ಬಾಂಡಿಂಗ್ ಅಲ್ಲ! ದಿನಕ್ಕೆ ಇಷ್ಟೇ ಕೆಲಸ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು. ಅದಕ್ಕಿಂತ ಹೆಚ್ಚು ಮಾಡಿದವನ ತೋಳಿಗೆ ಒಂದು ಗುದ್ದು ಬೀಳುತ್ತಿತ್ತು. ತೀರಾ ಕಡಿಮೆ ಮಾಡಿದವನಿಗೂ ಬೈಗುಳ. ಮೇಲಿನವರಿಗೆ ಚಾಡಿ ಹೇಳಿದವನನ್ನು ಯಾರೂ ಸೇರಿಸುತ್ತಿರಲಿಲ್ಲ. ಯಾಕೆ ಹೀಗೆ? ಹೆಚ್ಚು ಮಾಡಿ ತೋರಿಸಿದರೆ ನಾಳೆ ಕೂಲಿ ದರ ಇಳಿಸ್ತಾರೆ, ಇಲ್ಲಾ ನಾಲ್ಕು ಜನರನ್ನು ಮನೆಗೆ ಕಳಿಸ್ತಾರೆ ಅನ್ನುವ ಅಂಜಿಕೆ. ಅದು ಮಹಾ ಆರ್ಥಿಕ ಕುಸಿತದ ಕಾಲ. 1932ರ ಮೇ ತಿಂಗಳಲ್ಲಿ ಕೆಲಸವೇ ಇಲ್ಲದೆ ಆ ಪ್ರಯೋಗ ನಿಂತಿತು. ಅದೇ ವರ್ಷ ರಿಲೇ ಕೋಣೆಯೂ ಮುಚ್ಚಿತು, ಹೆಣ್ಣುಮಕ್ಕಳು ಕೆಲಸ ಕಳೆದುಕೊಂಡರು. ಐದು ವರ್ಷ ಜಗತ್ತಿಗೇ ಪಾಠ ಹೇಳಿದವರಿಗೆ ಸಿಕ್ಕ ಬೀಳ್ಕೊಡುಗೆ ಇದು.

ನೋಡಿ, ಇಲ್ಲಿದೆ ತಿರುಳು. ಒಟ್ಟಿಗೆ ದುಡಿಯುವ ಜನ ಹೇಗಿದ್ದರೂ ಒಂದಾಗುತ್ತಾರೆ. ನಂಬಿಕೆ ಇದ್ದ ಕಡೆ ಕೆಲಸಕ್ಕಾಗಿ ಒಂದಾಗುತ್ತಾರೆ. ಭಯ ಇದ್ದ ಕಡೆ ತಮ್ಮನ್ನು ಉಳಿಸಿಕೊಳ್ಳಲು ಒಂದಾಗುತ್ತಾರೆ. ಅದನ್ನು ತೀರ್ಮಾನ ಮಾಡೋದು ಪಿಕ್‌ನಿಕ್ ಅಲ್ಲ, ಆಡಳಿತದ ನಡವಳಿಕೆ.

ಈ ಕಥೆಗೂ ನಮ್ಮ ಬೆಂಗಳೂರಿಗೂ ನಂಟಿದೆ. 1948ರಲ್ಲಿ ಇಲ್ಲಿ ಐಟಿಐ ಶುರುವಾಯಿತು, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಸುತ್ತ ಎದ್ದ ಬಡಾವಣೆಗೆ ದೂರವಾಣಿನಗರ ಅಂತಲೇ ಹೆಸರು. ಅಲ್ಲೂ ಅದೇ ಟೆಲಿಫೋನು, ಅದೇ ರಿಲೇ, ಜೋಡಣೆಗೆ ಕೂತ ನಮ್ಮ ಹೆಣ್ಣುಮಕ್ಕಳು. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್‌ಗಳದ್ದೂ ಇಂಥದೇ ಬದುಕು. ಒಂದೇ ಫ್ಯಾಕ್ಟರಿ ಬಸ್ಸು, ಒಂದೇ ಕ್ಯಾಂಟೀನು, ಒಂದೇ ಕ್ವಾರ್ಟರ್ಸು. ನವೆಂಬರ್ ಬಂತೆಂದರೆ ಕನ್ನಡ ಸಂಘದ ರಾಜ್ಯೋತ್ಸವ, ನಾಟಕದ ತಾಲೀಮು. ಲೇತ್ ಮೇಲೆ ನಿಂತವನೇ ಸಂಜೆ ದುರ್ಯೋಧನ! ಅವರಿಗೆ ಬಾಂಡಿಂಗ್ ಕಲಿಸೋಕೆ ಯಾವ ಟ್ರೈನರೂ ಬಂದಿರಲಿಲ್ಲ.

ಇದು ತಾನಾಗಿ ಆದದ್ದೂ ಅಲ್ಲ, ಕಾನೂನಿನ ಬೆಂಬಲ ಇತ್ತು. 1948ರ ಕಾರ್ಖಾನೆ ಕಾಯ್ದೆ 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಡೆ ಕ್ಯಾಂಟೀನಿಗೆ, 150ಕ್ಕಿಂತ ಹೆಚ್ಚಿದ್ದ ಕಡೆ ಊಟದ ಕೋಣೆಗೆ ದಾರಿ ಮಾಡಿತು. 1947ರ ಕೈಗಾರಿಕಾ ವಿವಾದ ಕಾಯ್ದೆ 100 ಜನರಿದ್ದ ಕಡೆ ಆಡಳಿತದವರೂ ಕಾರ್ಮಿಕರೂ ಸಮಸಮವಾಗಿ ಕೂರುವ ವರ್ಕ್ಸ್ ಕಮಿಟಿಯ ಮಾತಾಡಿತು. ಕೂತು ಉಣ್ಣೋಕೆ ಜಾಗ, ಕೂತು ಮಾತಾಡೋಕೆ ಜಾಗ.

ಹಾಗೆ ಬೆಳೆದ ಒಗ್ಗಟ್ಟು ಯಾರ ಸ್ವತ್ತು ಅನ್ನೋದು 1980ರ ಡಿಸೆಂಬರಿನಲ್ಲಿ ಗೊತ್ತಾಯಿತು. ಈ ಎಲ್ಲ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು, ಲಕ್ಷಕ್ಕೂ ಹೆಚ್ಚು ಜನ, ವೇತನಕ್ಕಾಗಿ ಒಟ್ಟಿಗೇ ಮುಷ್ಕರ ಹೂಡಿದರು. 77 ದಿನ ನಡೆಯಿತು. ಸಂಬಳವಿಲ್ಲದ ಅಷ್ಟು ದಿನ ಮನೆಗಳಲ್ಲಿ ಒಲೆ ಉರಿದದ್ದು ಹೇಗೆ? ಅಕ್ಕಪಕ್ಕದವರ ಕೈಸಾಲ, ಅಂಗಡಿಯವರ ಉದ್ರಿ, ಜೊತೆಗಾರರ ಆಸರೆ. ಮುಷ್ಕರ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ಅಂಥ ಒಗ್ಗಟ್ಟನ್ನು ರೆಸಾರ್ಟಿನಲ್ಲಿ ಒಂದು ದಿನ ಹಗ್ಗ ಜಗ್ಗಿಸಿ ಹುಟ್ಟಿಸೋಕೆ ಆಗೋದಿಲ್ಲ ಅನ್ನೋದು ಮಾತ್ರ ಸತ್ಯ.

ಇವತ್ತು ಕಂಪನಿಗಳು ಕೇಳ್ತಿರೋದು ವಿಚಿತ್ರವಾದ ಬೇಡಿಕೆ. ನೌಕರರು ಒಬ್ಬರಿಗೊಬ್ಬರು ಆತ್ಮೀಯರಾಗಿರಬೇಕು, ಆದರೆ ಅವರ ಸಂಬಳ ಇವರಿಗೆ ಗೊತ್ತಾಗಬಾರದು. ಟೀಮ್ ಆಗಿ ಗೆಲ್ಲಬೇಕು, ಆದರೆ ವರ್ಷದ ಕೊನೆಗೆ ಅದೇ ಟೀಮಿನಲ್ಲಿ ಒಬ್ಬನಿಗೆ ಕೆಳಗಿನ ರೇಟಿಂಗ್ ಬೀಳಲೇಬೇಕು. ಹತ್ತಿರ ಬನ್ನಿ ಅಂತ ಬಾಯಲ್ಲಿ ಹೇಳಿ, ದೂರ ದೂರ ಕೂರಿಸಿದರೆ ಅದು ಟೇಲರನ ಕಾರ್ಖಾನೆಯೇ ಆಯ್ತಲ್ವಾ? ಪಕ್ಕದವನು ಪ್ರತಿಸ್ಪರ್ಧಿ ಅಂತ ಗೊತ್ತಿದ್ದ ಮೇಲೆ ಯಾರು ತಾನೇ ಅವನ ಹತ್ತಿರ ಮನಸ್ಸು ಬಿಚ್ಚಿ ಮಾತಾಡ್ತಾರೆ? ಇದರ ಬೆಲೆ ತೆರುತ್ತಿರುವವರು ಯಾರು? ಊರು ಬಿಟ್ಟು ಬಂದು, ಪಿಜಿಯಲ್ಲಿದ್ದು, ದಿನಕ್ಕೆ ಹತ್ತು ಗಂಟೆ ಆಫೀಸಿನಲ್ಲಿ ಕಳೆದೂ, ಕಷ್ಟ ಬಂದರೆ ಫೋನ್ ಮಾಡೋಕೆ ಒಂದು ನಂಬರ್ ಇಲ್ಲದ ನಮ್ಮ ಮಕ್ಕಳು.

ಹಾಥಾರ್ನ್ ಕಾರ್ಖಾನೆ 1983ರಲ್ಲಿ ಮುಚ್ಚಿತು. ಇವತ್ತು ಅದರ ಒಂದು ಗೋಪುರ ಉಳಿದಿದೆ, ಪಕ್ಕದ ಮಾರ್ಟನ್ ಕಾಲೇಜಿನಲ್ಲಿ ಒಂದು ವಸ್ತುಸಂಗ್ರಹಾಲಯ ಇದೆ. ಅಲ್ಲಿಯ ಪಾಠಕ್ಕೆ ದೊಡ್ಡ ಬಜೆಟ್ ಬೇಡ. ಹತ್ತು ನಿಮಿಷ ಜೊತೆಯಾಗಿ ಕೂರೋಕೆ ಬಿಡಿ. ಪ್ರಶ್ನೆಪಟ್ಟಿ ಪಕ್ಕಕ್ಕಿಟ್ಟು ಕೇಳಿಸಿಕೊಳ್ಳಿ. ಮಾತಾಡಿದವರನ್ನು ಹೊರಗೆ ಹಾಕಬೇಡಿ. ಔಟಿಂಗಿಗೆ ಬಸ್ ಬುಕ್ ಮಾಡೋದು ಆಮೇಲೆ ಇರಲಿ. ಮೊದಲು, ಊಟದ ಹೊತ್ತಿಗೆ ಮೀಟಿಂಗ್ ಇಡೋದು ನಿಲ್ಲಿಸಿ.