ಡಬ್ಬಿಯೋ ಕಡ್ಡಿಯೋ: ಕಾಕ್ಲಿಯರ್ ಇಂಪ್ಲಾಂಟಿನಲ್ಲಿ ವಿದ್ಯುತ್ತಿನ ಹಾದಿ

ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಎರಡೂ ಎರಡಕ್ಷರದ ಮಾತು. ಮೊದಲು ಅಕಾರ, ನಡುವೆ ಒತ್ತು, ಕೊನೆಗೆ ಇಕಾರ. ಬರಿಯ ಲಯ ಹಿಡಿಯುವ ಕಿವಿಗೆ ಇವು ಹೆಚ್ಚುಕಡಿಮೆ ಒಂದೇ. ಬಕಾರ ಡಕಾರಗಳನ್ನು ಬೇರೆ ಮಾಡುವುದು ಆವೃತ್ತಿಗಳ ಹಂಚಿಕೆ. ಶ್ರವಣ ನರಕ್ಕೆ ವಿದ್ಯುತ್ ಕೊಟ್ಟು ಕೇಳಿಸುವ ಸಾಧನವಾದ ಕಾಕ್ಲಿಯರ್ ಇಂಪ್ಲಾಂಟಿನ ಚರಿತ್ರೆಯನ್ನು ಕನ್ನಡದ ಕಡೆಯಿಂದ ನೋಡುವವರು ಇಂಥ ಜೋಡಿಗಳನ್ನು ಬಿಡುವಂತಿಲ್ಲ.

1957ರಲ್ಲಿ ಪ್ಯಾರಿಸ್ಸಿನ ಜುರ್ನೋ ಮತ್ತು ಎರಿಯೆ ಶ್ರವಣ ನರಕ್ಕೆ ನೇರವಾಗಿ ವಿದ್ಯುತ್ ಕೊಟ್ಟರು. ಲಾಸ್ ಏಂಜಲೀಸಿನ ವಿಲಿಯಂ ಹೌಸ್ ರೂಪಿಸಿದ ಒಂದೇ ಚಾನೆಲ್ಲಿನ ಸಾಧನಕ್ಕೆ 1984ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಹ್ರಸ್ವ ದೀರ್ಘ, ಒತ್ತು, ಮಾತಿನ ಓಟ ಇಂಥ ಸಾಧನದಲ್ಲೂ ಸ್ವಲ್ಪಮಟ್ಟಿಗೆ ದಾಟುತ್ತವೆ. ಉಚ್ಚಾರಣೆಯ ಸ್ಥಾನ ದಾಟುವುದಿಲ್ಲ. ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್ 1978ರಲ್ಲಿ ಬಹುಚಾನೆಲ್ ಸಾಧನ ಅಳವಡಿಸಿದರು. ಅದರಿಂದ ಬೆಳೆದ ನ್ಯೂಕ್ಲಿಯಸ್ 22ಕ್ಕೆ 1985ರಲ್ಲಿ ಒಪ್ಪಿಗೆ ದೊರೆಯಿತು.

ನಿಜವಾದ ತಕರಾರು ಶುರುವಾಗುವುದು ಇಲ್ಲಿಂದ. ಒಳಕಿವಿಯ ಸುರುಳಿಯಾದ ಕಾಕ್ಲಿಯಾದೊಳಗಿನ ದ್ರವ ಒಳ್ಳೆಯ ವಾಹಕ. ಒಂದು ಎಲೆಕ್ಟ್ರೋಡಿಗೆ ಕೊಟ್ಟ ವಿದ್ಯುತ್ ಅಕ್ಕಪಕ್ಕದ ನರತಂತುಗಳಿಗೂ ಹರಡುತ್ತದೆ. ನ್ಯೂಕ್ಲಿಯಸ್ 22ರಲ್ಲಿ ಕಾಕ್ಲಿಯಾದ ಹೊರಗೆ ಎಲೆಕ್ಟ್ರೋಡ್ ಇರಲಿಲ್ಲ. ಹಾಗಾಗಿ ವಿದ್ಯುತ್ ಒಳಗಿನ ಒಂದರಿಂದ ಹೊರಟು ಪಕ್ಕದ್ದಕ್ಕೆ ಮರಳುವುದು ಬೈಪೋಲಾರ್ ವಿಧಾನ. ಉಳಿದೆಲ್ಲವನ್ನೂ ಕೂಡಿಸಿ ಮರಳುವ ದಾರಿ ಮಾಡಿದರೆ ಕಾಮನ್ ಗ್ರೌಂಡ್. ಬೈಪೋಲಾರ್‌ನಲ್ಲಿ ಹರವು ಕಿರಿದು, ಆದ್ದರಿಂದ ಕೇಳಿಕೆ ನಿಖರ ಎಂಬುದು ಆಗಿನ ತರ್ಕ. ಆದರೆ ಸಾಕಷ್ಟು ಸದ್ದು ಕೇಳಬೇಕಾದರೆ ಹೆಚ್ಚು ವಿದ್ಯುತ್ ಬೇಕು. ಅದೂ ಸಾಲದಾದಾಗ ನಡುವೆ ಒಂದು ಎಲೆಕ್ಟ್ರೋಡ್ ಬಿಟ್ಟು ಜೋಡಿ ಕಟ್ಟುತ್ತಿದ್ದರು. ಆಗ 22 ಎಲೆಕ್ಟ್ರೋಡುಗಳಿಂದ ಸಿಗುವುದು 20 ಚಾನೆಲ್, ಹರವೂ ಹೆಚ್ಚು. ನಿಖರತೆಗೆಂದು ಆರಿಸಿದ ಹಾದಿಯನ್ನೇ ಹೀಗೆ ಅಗಲ ಮಾಡಬೇಕಾಯಿತು!

ಕಾಕ್ಲಿಯಾದ ಒಳಗೆ 20, ಹೊರಗೆ 2 ಎಲೆಕ್ಟ್ರೋಡುಗಳಿದ್ದ ಸಾಧನ ಬಂದಮೇಲೆ ಒಬ್ಬರಲ್ಲೇ ಒಳಗೆ ಮರಳುವ, ಹೊರಗೆ ಮರಳುವ ಎರಡೂ ವಿಧಾನಗಳನ್ನು ಹೋಲಿಸುವುದು ಸಾಧ್ಯವಾಯಿತು. ವಿದ್ಯುತ್ ಹೊರಗಿನ ಎಲೆಕ್ಟ್ರೋಡಿಗೆ ಮರಳುವ ಮೊನೊಪೋಲಾರ್ ವಿಧಾನದಲ್ಲೂ ಮಾತಿನ ಗ್ರಹಿಕೆ ಬೈಪೋಲಾರ್‌ನಷ್ಟೇ, ಕೆಲವೊಮ್ಮೆ ಅದಕ್ಕಿಂತ ಚೆನ್ನಾಗಿದೆ ಎಂದು 1996–97ರ ಮಿಶಿಗನ್ ಅಧ್ಯಯನಗಳು ತೋರಿಸಿದವು. ಮೊನೊಪೋಲಾರ್ ವಿಧಾನಕ್ಕೆ ಬೇರೆ ಲಾಭಗಳೂ ಇದ್ದವು: ಕಡಿಮೆ ವಿದ್ಯುತ್ತು, ಎಲೆಕ್ಟ್ರೋಡಿನಿಂದ ಎಲೆಕ್ಟ್ರೋಡಿಗೆ ಹೆಚ್ಚು ಏರುಪೇರಿಲ್ಲದ ಮಟ್ಟ, ಬ್ಯಾಟರಿಯ ಉಳಿತಾಯ. ಕಿವಿಯ ಹಿಂದೆ ಕೂರುವ ಪುಟ್ಟ ಪ್ರೊಸೆಸರ್ ಬಳಕೆಗೆ ಬರಲು ಈ ಉಳಿತಾಯ ದೊಡ್ಡ ನೆರವಾಯಿತು.

ಆದರೂ ಕನ್ನಡದ ಲೆಕ್ಕ ಪೂರ್ತಿ ಮುಗಿಯುವುದಿಲ್ಲ. ಹುಲಿ–ಹುಳಿ, ಬಲೆ–ಬಳೆಗಳಲ್ಲಿ ತುಟಿ ನೋಡಿ ಪ್ರಯೋಜನವಿಲ್ಲ. ಳಕಾರದಂಥ ಮೂರ್ಧನ್ಯ ಧ್ವನಿಯಲ್ಲಿ ಮೂರನೆಯ ಫಾರ್ಮೆಂಟ್ (ಬಾಯಿಯ ಪೊಳ್ಳಿನ ಅನುರಣನದ ಆವೃತ್ತಿ) ಕೆಳಗಿಳಿಯುತ್ತದೆ. ಅದರ ಹರವು ಸ್ಥೂಲವಾಗಿ 2000ದಿಂದ 3000 ಹರ್ಟ್ಸ್. ನ್ಯೂಕ್ಲಿಯಸ್‌ನ ಮೊದಲ ಪ್ರೊಸೆಸರ್‌ಗಳು ಸ್ವರದ ಮೂಲ ಆವೃತ್ತಿ ಮತ್ತು ಹೆಚ್ಚೆಂದರೆ ಮೊದಲೆರಡು ಫಾರ್ಮೆಂಟ್‌ಗಳನ್ನಷ್ಟೇ ಆರಿಸುತ್ತಿದ್ದವು. 2000 ಹರ್ಟ್ಸ್‌ನ ಮೇಲಿನ ಪಟ್ಟಿಗಳನ್ನು ಸೇರಿಸಿದ ಎಂಪೀಕ್ ಎಂಬ ಸಂಸ್ಕರಣಾ ವಿಧಾನ ಬಂದದ್ದು 1989ರಲ್ಲಿ. ಇಂಗ್ಲಿಷಿಗೆ ಅದು ಸುಧಾರಣೆ. ಕನ್ನಡದ ಳಕಾರಕ್ಕೆ ಅದು ಮೂಲಭೂತ ಅಗತ್ಯ ಎಂಬುದು ನನ್ನ ವಾದ.

ಇನ್ನು ಸಾಧನ ಬೇಕಾದವರ ಊರಿಗೆ ಬರೋಣ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಬೆಂಗಳೂರು ರೈಲು ಹಾದಿಯ ಮೇಲಿವೆ. ಕಿಮ್ಸ್ ಎಂದು ಹೆಸರಾದ ದೊಡ್ಡ ಸರ್ಕಾರಿ ಆಸ್ಪತ್ರೆ ಹುಬ್ಬಳ್ಳಿಯಲ್ಲಿದೆ. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರದ ಅಡಿಪ್ ಯೋಜನೆ 2014ರ ಪರಿಷ್ಕರಣೆಯಲ್ಲಿ ಇಂಪ್ಲಾಂಟಿಗೆ 6 ಲಕ್ಷ ರೂಪಾಯಿವರೆಗೆ ನೆರವು ಒದಗಿಸಿತು. ಆದರೆ ಶಸ್ತ್ರಚಿಕಿತ್ಸೆಯ ನಂತರದ ಮ್ಯಾಪಿಂಗ್, ಅಂದರೆ ಪ್ರತಿ ಎಲೆಕ್ಟ್ರೋಡಿನ ವಿದ್ಯುತ್ ಮಟ್ಟ ಹೊಂದಿಸುವುದು, ವರ್ಷಗಟ್ಟಲೆ ನಡೆಯುವ ಕೆಲಸ, ಪ್ರತಿ ಸಲವೂ ಕೂಲಿ ಬಿಟ್ಟು ಓಡಾಡಬೇಕು. ಬಾಳಿಕೆ ಬರುವ ಬ್ಯಾಟರಿ ಇಲ್ಲಿ ತಾಂತ್ರಿಕ ವಿವರವಷ್ಟೇ ಅಲ್ಲ.

ಕಿರಿದಾದ ಹರವಿನ ಕನಸು ಸತ್ತಿಲ್ಲ. ಎರಡೂ ಪಕ್ಕದ ಎಲೆಕ್ಟ್ರೋಡುಗಳಿಗೆ ವಿದ್ಯುತ್ ಮರಳಿಸುವ ಟ್ರೈಪೋಲಾರ್ ವಿಧಾನವನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದಾಗ ಜೂಲಿ ಬಿಯರರ್ ತಪಾಸಣೆಗೆ ಬಳಸಿದರು: ಎಲ್ಲಿ ಕೇಳಿಸಲು ಹೆಚ್ಚು ವಿದ್ಯುತ್ ಬೇಕೋ ಅಲ್ಲಿ ಎಲೆಕ್ಟ್ರೋಡಿಗೂ ನರಕ್ಕೂ ಸಂಪರ್ಕ ಸಡಿಲವಾಗಿರಬಹುದು. ದಿನಬಳಕೆಗೆ ಮೊನೊಪೋಲಾರನ್ನೇ ಇಟ್ಟುಕೊಂಡು, ಇಂಥ ಎಲೆಕ್ಟ್ರೋಡುಗಳನ್ನು ಮ್ಯಾಪಿನಲ್ಲಿ ಬಂದ್ ಮಾಡಿ ನೋಡಬಹುದು. ಆಗ ಇಂಪ್ಲಾಂಟ್ ಹಾಕಿಸಿಕೊಂಡ ಮಗು ಲಕಾರ ಳಕಾರಗಳನ್ನು ಮೊದಲಿಗಿಂತ ಚೆನ್ನಾಗಿ ಬೇರ್ಪಡಿಸುತ್ತದೆಯೇ ಎಂದು ಅಳೆಯಲು ಬೇಕಾದದ್ದು ಒಂದು ಕನ್ನಡ ಪದಪಟ್ಟಿ ಮತ್ತು ಅರ್ಧ ಗಂಟೆಯ ತಾಳ್ಮೆ.