ಮೇಜಿನ ರೇಡಿಯೋ ಪೇಜಿಂಗ್ ಎನ್‌ಕೋಡರ್: ಬಳಕೆ ಮತ್ತು ಪ್ರೋಗ್ರಾಮಿಂಗ್ ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ಆಸ್ಪತ್ರೆ, ಕಾರ್ಖಾನೆ, ದೊಡ್ಡ ಹೋಟೆಲು ಮೊದಲಾದ ಸಂಸ್ಥೆಗಳು ತಮ್ಮ ಆವರಣದೊಳಗಿನ ಸಿಬ್ಬಂದಿಯನ್ನು ತುರ್ತಾಗಿ ಕರೆಯಲು ಬಳಸುವ ಉಪಕರಣಗಳಲ್ಲಿ ಮೇಜಿನ ರೇಡಿಯೋ ಪೇಜಿಂಗ್ ಎನ್‌ಕೋಡರ್ ಒಂದಾಗಿರುತ್ತದೆ. ಭಾರತದಲ್ಲಿ 1995ರಲ್ಲಿ ಪ್ರಾರಂಭವಾದ ಸಾರ್ವಜನಿಕ ಪೇಜಿಂಗ್ ಸೇವೆಯು ಮೊಬೈಲ್ ದೂರವಾಣಿ ಹರಡಿದ ಮೇಲೆ ಕೆಲವೇ ವರ್ಷಗಳಲ್ಲಿ ಹಿಂದೆ ಸರಿಯಿತು. ಆವರಣದೊಳಗಿನ ಪೇಜಿಂಗ್ ವ್ಯವಸ್ಥೆಯು ಅದಕ್ಕಿಂತ ಭಿನ್ನವಾದುದು. ಇಲ್ಲಿ ಟ್ರಾನ್ಸ್‌ಮಿಟರ್, ಆಂಟೆನಾ ಮತ್ತು ಪೇಜರ್‌ಗಳು ಸಂಸ್ಥೆಯ ಸ್ವಂತದ್ದಾಗಿರುತ್ತವೆ. ಹೊರಗಿನ ಯಾವ ಜಾಲವನ್ನೂ ಅವಲಂಬಿಸಬೇಕಾಗಿರುವುದಿಲ್ಲ.

ಬ್ರಿಟನ್ನಿನ ಸರ್ಕಾರವು ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳಿಂದ ಪೇಜರ್‌ಗಳನ್ನು 2021ರ ಅಂತ್ಯದೊಳಗೆ ತೆಗೆದುಹಾಕಬೇಕೆಂದು 2019ರಲ್ಲಿ ಪ್ರಕಟಿಸಿತು. ಆಗಲೂ ಇತರ ಸಂಪರ್ಕ ವ್ಯವಸ್ಥೆಗಳು ಕೈಕೊಟ್ಟ ತುರ್ತು ಸಂದರ್ಭಗಳಿಗಾಗಿ ಕೆಲವು ಪೇಜರ್‌ಗಳನ್ನು ಉಳಿಸಿಕೊಳ್ಳಲು ಅವಕಾಶ ನೀಡಲಾಯಿತು. ಈ ಉಪಕರಣದ ನಿಜವಾದ ಉಪಯೋಗ ಎಲ್ಲಿದೆ ಎಂಬುದನ್ನು ಇದರಿಂದ ತಿಳಿಯಬಹುದಾಗಿದೆ.

ಇಂತಹ ವ್ಯವಸ್ಥೆಯನ್ನು ಹೊಂದಲು ಉದ್ದೇಶಿಸಿರುವ ಹಾಗೂ ಈಗಾಗಲೇ ಹೊಂದಿರುವ ಸಂಸ್ಥೆಗಳ ತಿಳಿವಳಿಕೆಗಾಗಿ ಮುಖ್ಯ ವಿಷಯಗಳನ್ನು ಈ ಕೆಳಗೆ ನೀಡಲಾಗಿದೆ.

2. ಎನ್‌ಕೋಡರ್ ಎಂದರೇನು?

ಕೀಲಿಮಣೆ ಹಾಗೂ ಚಿಕ್ಕ ಪರದೆಯುಳ್ಳ, ದೂರವಾಣಿ ಉಪಕರಣದಂತೆ ಮೇಜಿನ ಮೇಲಿರಿಸಬಹುದಾದ ಯಂತ್ರವೇ ಎನ್‌ಕೋಡರ್. ನಿರ್ವಾಹಕರು ಪೇಜರ್‌ನ ಸಂಖ್ಯೆಯನ್ನೂ ಸಂದೇಶವನ್ನೂ ಒತ್ತಿದಾಗ, ಎನ್‌ಕೋಡರ್ ಅವುಗಳನ್ನು ಸಂಕೇತವಾಗಿ ಪರಿವರ್ತಿಸಿ ಟ್ರಾನ್ಸ್‌ಮಿಟರ್‌ಗೆ ಒದಗಿಸುತ್ತದೆ. ಕೆಲವು ಮಾದರಿಗಳಲ್ಲಿ ಟ್ರಾನ್ಸ್‌ಮಿಟರ್ ಒಳಗೇ ಅಡಕವಾಗಿರುತ್ತದೆ; ಇನ್ನು ಕೆಲವುಗಳಲ್ಲಿ ಪ್ರತ್ಯೇಕವಾಗಿರುತ್ತದೆ. ಕಂಪ್ಯೂಟರ್, ದಾದಿಯರನ್ನು ಕರೆಯುವ ಗಂಟೆ, ಅಗ್ನಿ ಎಚ್ಚರಿಕೆ ಫಲಕ ಮೊದಲಾದವುಗಳನ್ನು ಜೋಡಿಸಲು ಅನೇಕ ಮಾದರಿಗಳಲ್ಲಿ ಸೀರಿಯಲ್ ಪೋರ್ಟ್ ಇರುತ್ತದೆ.

3. ಪರವಾನಗಿ

ರೇಡಿಯೋ ಫ್ರೀಕ್ವೆನ್ಸಿಯ ಹಂಚಿಕೆಯು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗಕ್ಕೆ ಸೇರಿದ ವಿಷಯವಾಗಿದೆ. ರಾಜ್ಯ ಸರ್ಕಾರದ ಇಲಾಖೆಗಳಿಗಾಗಲಿ ಸ್ಥಳೀಯ ಸಂಸ್ಥೆಗಳಿಗಾಗಲಿ ಈ ಅಧಿಕಾರವಿರುವುದಿಲ್ಲ. ಅರ್ಜಿಗಳನ್ನು ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲ್ ಮೂಲಕ ಸಲ್ಲಿಸತಕ್ಕದ್ದು.

ಅತಿ ಕಡಿಮೆ ಶಕ್ತಿಯ ಕೆಲವು ಸಾಧನಗಳಿಗೆ ನಿಗದಿತ ಬ್ಯಾಂಡ್‌ಗಳಲ್ಲಿ ಪರವಾನಗಿಯಿಂದ ವಿನಾಯಿತಿ ಇದೆ. ತಾವು ಕೊಳ್ಳುವ ಉಪಕರಣವು ಈ ವಿನಾಯಿತಿಗೆ ಒಳಪಡುತ್ತದೆಯೇ ಎಂಬುದನ್ನು ಮಾರಾಟಗಾರರ ಮಾತಿನಿಂದಲೇ ನಿರ್ಧರಿಸದೆ, ಉಪಕರಣದ ಫ್ರೀಕ್ವೆನ್ಸಿ, ಪ್ರಸಾರ ಶಕ್ತಿ ಹಾಗೂ ಅನುಮೋದನೆ ಪತ್ರವನ್ನು ಲಿಖಿತವಾಗಿ ಪಡೆದು ಪರಿಶೀಲಿಸತಕ್ಕದ್ದು. ಅನುಮತಿ ದೊರೆಯುವ ಮುನ್ನ ಹಣ ಪಾವತಿಸಿ ಉಪಕರಣ ತರಿಸಿಕೊಂಡಲ್ಲಿ, ಅದನ್ನು ಚಲಾಯಿಸಲಾಗದೆ ಹಣ ವ್ಯರ್ಥವಾಗುವ ಸಂಭವವಿರುತ್ತದೆ.

4. ಸಂಕೇತ ಕ್ರಮ

ಹೆಚ್ಚು ಬಳಕೆಯಲ್ಲಿರುವ ಸಂಕೇತ ಕ್ರಮವನ್ನು ಪೋಕ್‌ಸ್ಯಾಗ್ ಎಂದು ಕರೆಯಲಾಗುತ್ತದೆ. ಆ ಕಾಲದಲ್ಲಿ ಬ್ರಿಟನ್ನಿನ ದೂರವಾಣಿ ವ್ಯವಸ್ಥೆಯನ್ನೂ ನೋಡಿಕೊಳ್ಳುತ್ತಿದ್ದ ಅಲ್ಲಿನ ಅಂಚೆ ಸಂಸ್ಥೆಯು ರಚಿಸಿದ ಸಲಹಾ ಮಂಡಳಿಯೊಂದರ ಆಂಗ್ಲ ಹೆಸರಿನ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ. ಇದರ ಮುಖ್ಯ ಅಂಶಗಳು ಈ ಕೆಳಕಂಡಂತಿವೆ:

(ಅ) ವೇಗ: ಸೆಕೆಂಡಿಗೆ 512, 1200 ಅಥವಾ 2400 ಬಿಟ್.

(ಆ) ಪ್ರಾರಂಭಿಕ ಸಂಕೇತ: ಪ್ರತಿ ಪ್ರಸಾರದ ಆರಂಭದಲ್ಲಿ ಒಂದು ಮತ್ತು ಸೊನ್ನೆಗಳು ಒಂದಾದ ಮೇಲೊಂದರಂತೆ ಕನಿಷ್ಠ 576 ಬಿಟ್‌ಗಳಷ್ಟು ಹೊರಡುತ್ತವೆ. ಬ್ಯಾಟರಿ ಉಳಿಸಲು ವಿರಾಮದಲ್ಲಿರುವ ಪೇಜರ್‌ಗಳು ಇದನ್ನು ಗುರುತಿಸಿ ಎಚ್ಚರಗೊಳ್ಳುತ್ತವೆ. 512ರ ವೇಗದಲ್ಲಿ ಇದಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಸಮಯ ಹಿಡಿಯುತ್ತದೆ.

(ಇ) ಬ್ಯಾಚ್: ಅನಂತರ ಸಂದೇಶವು 544 ಬಿಟ್‌ಗಳ ಬ್ಯಾಚ್‌ಗಳಲ್ಲಿ ಸಾಗುತ್ತದೆ. ಪ್ರತಿ ಬ್ಯಾಚ್‌ನಲ್ಲಿ ಒಂದು ಹೊಂದಾಣಿಕೆ ಪದ ಹಾಗೂ 8 ಫ್ರೇಮ್‌ಗಳಿದ್ದು, ಪ್ರತಿ ಫ್ರೇಮ್‌ನಲ್ಲಿ 32 ಬಿಟ್‌ಗಳ ಎರಡು ಪದಗಳಿರುತ್ತವೆ.

(ಈ) ಕ್ಯಾಪ್‌ಕೋಡ್: ಪ್ರತಿ ಪೇಜರ್‌ಗೆ ಗರಿಷ್ಠ 7 ಅಂಕಿಗಳ ವಿಳಾಸ ಸಂಖ್ಯೆ ಇರುತ್ತದೆ. ಈ ಸಂಖ್ಯೆಯನ್ನು 8ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆ ಪೇಜರ್‌ನ ಫ್ರೇಮ್ ಸಂಖ್ಯೆ. ಉದಾಹರಣೆಗೆ, 1234567ರ ಶೇಷ 7. ಆದ್ದರಿಂದ ಆ ಪೇಜರ್ ತನ್ನ ವಿಳಾಸಕ್ಕಾಗಿ 7ನೇ ಫ್ರೇಮ್ ಅನ್ನು ಮಾತ್ರ ಗಮನಿಸುತ್ತದೆ. ಅದರ ಮುಂದಿನ ಸಂಖ್ಯೆಯಾದ 1234568ರ ಶೇಷ 0. ಒಂದೇ ಅಂಕಿ ತಪ್ಪಿದರೂ ಕರೆಯು ಬೇರೆಯವರಿಗೆ ಹೋಗುತ್ತದೆ ಅಥವಾ ಯಾರಿಗೂ ಹೋಗುವುದಿಲ್ಲ.

(ಉ) ಕಾರ್ಯ ಸಂಖ್ಯೆ: ಪ್ರತಿ ಕ್ಯಾಪ್‌ಕೋಡ್‌ಗೆ ನಾಲ್ಕು ಬಗೆಯ ಕರೆಗಳನ್ನು ಕಳುಹಿಸಬಹುದು. ವಾಡಿಕೆಯಂತೆ ಮೊದಲನೆಯದನ್ನು ಅಂಕಿ ಸಂದೇಶಕ್ಕೂ ಕೊನೆಯದನ್ನು ಅಕ್ಷರ ಸಂದೇಶಕ್ಕೂ ಬಳಸಲಾಗುತ್ತದೆ.

5. ಸ್ಥಾಪನೆ

(ಅ) ಆಂಟೆನಾ ಜೋಡಿಸದೆ ಟ್ರಾನ್ಸ್‌ಮಿಟರ್ ಚಾಲನೆಗೊಳಿಸಬಾರದು. ಅದು ಸುಟ್ಟುಹೋಗುವ ಸಂಭವವಿರುತ್ತದೆ.

(ಆ) ಎನ್‌ಕೋಡರ್ ಮತ್ತು ಟ್ರಾನ್ಸ್‌ಮಿಟರ್ ಎರಡಕ್ಕೂ ಯು.ಪಿ.ಎಸ್. ಸಂಪರ್ಕ ಒದಗಿಸತಕ್ಕದ್ದು. ವಿದ್ಯುತ್ ಕಡಿತವಾದ ಗಳಿಗೆಯಲ್ಲಿಯೇ ಕರೆಯ ಅಗತ್ಯ ಹೆಚ್ಚು ಎಂಬುದನ್ನು ಗಮನದಲ್ಲಿರಿಸತಕ್ಕದ್ದು.

(ಇ) ಯಂತ್ರವನ್ನು ಹಗಲು ರಾತ್ರಿ ಸಿಬ್ಬಂದಿ ಇರುವ ಸ್ಥಳದಲ್ಲಿ, ಉದಾಹರಣೆಗೆ ಆಸ್ಪತ್ರೆಯ ದೂರವಾಣಿ ಕೊಠಡಿಯಲ್ಲಿ, ಇರಿಸತಕ್ಕದ್ದು.

6. ಪ್ರೋಗ್ರಾಮಿಂಗ್

ಮಾದರಿಯಿಂದ ಮಾದರಿಗೆ ಗುಂಡಿಗಳು ಬದಲಾಗುತ್ತವೆಯಾದರೂ ಕೆಲಸದ ಕ್ರಮವು ಬಹುತೇಕ ಒಂದೇ ಆಗಿರುತ್ತದೆ.

(ಅ) ಮೊದಲಿಗೆ ಕ್ಯಾಪ್‌ಕೋಡ್ ವಹಿಯೊಂದನ್ನು ತೆರೆಯತಕ್ಕದ್ದು. ಪೇಜರ್‌ನ ಕ್ರಮಸಂಖ್ಯೆ, ಕ್ಯಾಪ್‌ಕೋಡ್, ವೇಗ, ಸಂದೇಶದ ಬಗೆ, ಹೊಂದಿರುವ ಸಿಬ್ಬಂದಿಯ ಹುದ್ದೆ ಹಾಗೂ ನೀಡಿದ ದಿನಾಂಕವನ್ನು ಅದರಲ್ಲಿ ನಮೂದಿಸತಕ್ಕದ್ದು. ಯಂತ್ರದ ಸ್ಮರಣೆ ಅಳಿಸಿಹೋದಾಗ ಈ ವಹಿಯೇ ಆಧಾರವಾಗುತ್ತದೆ.

(ಆ) ಗುಪ್ತ ಸಂಖ್ಯೆ ಬಳಸಿ ಪ್ರೋಗ್ರಾಮಿಂಗ್ ವಿಭಾಗ ಪ್ರವೇಶಿಸಿ, ವೇಗವನ್ನೂ ಸಂಕೇತದ ದಿಕ್ಕನ್ನೂ ನಿಗದಿಪಡಿಸತಕ್ಕದ್ದು. ಯಂತ್ರದೊಂದಿಗೆ ಬಂದ ಗುಪ್ತ ಸಂಖ್ಯೆಯನ್ನು ಮೊದಲ ದಿನವೇ ಬದಲಾಯಿಸತಕ್ಕದ್ದು.

(ಇ) ಪ್ರತಿ ಕ್ಯಾಪ್‌ಕೋಡ್‌ಗೆ ನೆನಪಿನಲ್ಲುಳಿಯುವ ಚಿಕ್ಕ ಸಂಖ್ಯೆಯನ್ನು ಜೋಡಿಸತಕ್ಕದ್ದು. 7 ಅಂಕಿಗಳಿಗಿಂತ ಕಡಿಮೆಯಿರುವ ಕ್ಯಾಪ್‌ಕೋಡ್‌ಗಳ ಮುಂದೆ ಸೊನ್ನೆಗಳನ್ನು ತುಂಬಬೇಕೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು.

(ಈ) ಗುಂಪು ಕರೆ: ಒಂದು ತಂಡವನ್ನು ಕರೆಯಲು ಎರಡು ಮಾರ್ಗಗಳಿವೆ. ಎನ್‌ಕೋಡರ್ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಕಳುಹಿಸುವುದು ಒಂದು; ಎಲ್ಲ ಪೇಜರ್‌ಗಳಲ್ಲಿಯೂ ಎರಡನೆಯ ವಿಳಾಸವಾಗಿ ಒಂದೇ ಕ್ಯಾಪ್‌ಕೋಡ್ ಅಳವಡಿಸಿ ಒಮ್ಮೆಗೇ ಕಳುಹಿಸುವುದು ಇನ್ನೊಂದು. 512ರ ವೇಗದಲ್ಲಿ ಎರಡು ಬ್ಯಾಚ್ ಹಿಡಿಯುವ 40 ಅಕ್ಷರಗಳ ಸಂದೇಶಕ್ಕೆ ಸುಮಾರು 3.25 ಸೆಕೆಂಡು ಬೇಕಾಗುತ್ತದೆ. ಆರು ಜನರ ತಂಡಕ್ಕೆ ಪ್ರತ್ಯೇಕ ಪ್ರಸಾರಗಳಾಗಿ ಕಳುಹಿಸಿದರೆ ಆರನೆಯವರ ಕರೆ ಮುಗಿಯಲು ಸುಮಾರು 19.5 ಸೆಕೆಂಡು ಹಿಡಿಯುತ್ತದೆ. ಹೃದಯ ಸ್ತಂಭನದಂತಹ ಕರೆಗಳಿಗೆ ಎರಡನೆಯ ಮಾರ್ಗವೇ ಸೂಕ್ತ.

(ಉ) ಪುನರಾವರ್ತನೆ: ತುರ್ತು ಕರೆಗಳು ಕೆಲವು ಸೆಕೆಂಡುಗಳ ಅಂತರದಲ್ಲಿ ಮತ್ತೊಮ್ಮೆ ಹೋಗುವಂತೆ ನಿಗದಿಪಡಿಸುವುದು ಒಳಿತು. ಎಲ್ಲ ಕರೆಗಳಿಗೂ ಇದನ್ನು ಅನ್ವಯಿಸಿದಲ್ಲಿ ಪ್ರಸಾರದ ದಟ್ಟಣೆ ಹೆಚ್ಚಿ, ತುರ್ತು ಕರೆಯೇ ಸಾಲಿನಲ್ಲಿ ಕಾಯಬೇಕಾಗುತ್ತದೆ.

7. ಸಂದೇಶದ ಭಾಷೆ

ಪೋಕ್‌ಸ್ಯಾಗ್ ಅಕ್ಷರ ಸಂದೇಶವು 7 ಬಿಟ್‌ಗಳ ಅಕ್ಷರ ಕ್ರಮವನ್ನು ಆಧರಿಸಿದ್ದು, ಸಾಮಾನ್ಯ ಪೇಜರ್‌ಗಳಲ್ಲಿ ಕನ್ನಡ ಲಿಪಿಗೆ ಅವಕಾಶವಿರುವುದಿಲ್ಲ. ವಾರ್ಡಿನ ಸಹಾಯಕರು, ಸ್ಟ್ರೆಚರ್ ಸಿಬ್ಬಂದಿ, ಕಾವಲುಗಾರರು ಮೊದಲಾದವರೆಲ್ಲರೂ ಇಂಗ್ಲಿಷ್ ಓದಬಲ್ಲರೆಂದು ಭಾವಿಸುವುದು ಸರಿಯಲ್ಲ. ಆದ್ದರಿಂದ ಅಂಕಿ ಸಂಕೇತಗಳ ಪಟ್ಟಿಯೊಂದನ್ನು ಸಿದ್ಧಪಡಿಸುವುದು ಸೂಕ್ತ. ಉದಾಹರಣೆಗೆ, ಮೊದಲ ಎರಡು ಅಂಕಿಗಳು ಸ್ಥಳವನ್ನೂ ಮುಂದಿನ ಒಂದು ಅಂಕಿ ಕೆಲಸವನ್ನೂ ಕೊನೆಯ ಅಂಕಿ ತುರ್ತಿನ ಪ್ರಮಾಣವನ್ನೂ ಸೂಚಿಸುವಂತೆ ಮಾಡಬಹುದು. ಒಂದು ಪದದಲ್ಲಿ 5 ಅಂಕಿಗಳು ಅಡಕವಾಗುವುದರಿಂದ ಇಂತಹ ಸಂದೇಶವು ಅತಿ ಬೇಗ ತಲುಪುತ್ತದೆ. ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಿ ಪ್ರತಿ ವಿಭಾಗದ ಗೋಡೆಯ ಮೇಲೂ ಪೇಜರ್ ಹೊಂದಿರುವವರ ಜೇಬಿನಲ್ಲಿಯೂ ಇರುವಂತೆ ನೋಡಿಕೊಳ್ಳತಕ್ಕದ್ದು.

8. ದಿನನಿತ್ಯದ ಬಳಕೆ

(ಅ) ಚಿಕ್ಕ ಸಂಖ್ಯೆಯನ್ನು ಒತ್ತಿ, ಪರದೆಯಲ್ಲಿ ಮೂಡಿದ ಹುದ್ದೆಯ ಹೆಸರನ್ನು ಓದಿ ಖಚಿತಪಡಿಸಿಕೊಳ್ಳುವುದು.

(ಆ) ಸಂದೇಶವನ್ನು ಒತ್ತುವುದು. ಸ್ಥಳವನ್ನು ಮೊದಲು, ಕಾರಣವನ್ನು ಅನಂತರ ನಮೂದಿಸುವುದು.

(ಇ) ಕಳುಹಿಸುವ ಗುಂಡಿ ಒತ್ತಿ, ಪ್ರಸಾರ ದೀಪ ಹೊತ್ತಿ ಆರುವುದನ್ನು ಗಮನಿಸುವುದು.

(ಈ) ಸಮಯವನ್ನು ಕರೆ ವಹಿಯಲ್ಲಿ ನಮೂದಿಸುವುದು.

9. ವಿಶೇಷ ಗಮನಕ್ಕೆ: ಕಳುಹಿಸಿದ ಕರೆ ಮತ್ತು ತಲುಪಿದ ಕರೆ

ಪರದೆಯ ಮೇಲೆ ಸಂದೇಶ ಹೋಗಿದೆ ಎಂದು ಮೂಡಿದರೆ, ಟ್ರಾನ್ಸ್‌ಮಿಟರ್‌ಗೆ ಸಂಕೇತ ಒದಗಿಸಲಾಗಿದೆ ಎಂದಷ್ಟೇ ಅರ್ಥ. ಪೋಕ್‌ಸ್ಯಾಗ್ ಏಕಮುಖ ವ್ಯವಸ್ಥೆಯಾಗಿದ್ದು, ಪೇಜರ್ ಮರುತ್ತರ ನೀಡುವುದಿಲ್ಲ. ವೈದ್ಯರ ಪೇಜರ್‌ನ ಬ್ಯಾಟರಿ ಮುಗಿದಿದ್ದರೂ, ಅವರು ನೆಲಮಾಳಿಗೆಯಲ್ಲಿದ್ದರೂ, ಆಂಟೆನಾದ ಕೇಬಲ್ ಕಳಚಿಕೊಂಡಿದ್ದರೂ ಪರದೆಯಲ್ಲಿ ಅದೇ ವಾಕ್ಯ ಮೂಡುತ್ತದೆ. ಸಂಕೇತದಲ್ಲಿ ಪ್ರತಿ ಪದಕ್ಕೆ ಒಂದೆರಡು ಬಿಟ್‌ಗಳ ದೋಷವನ್ನು ಸರಿಪಡಿಸಿಕೊಳ್ಳುವ ಏರ್ಪಾಡು ಇದೆಯಾದರೂ, ತಲುಪದೇ ಇದ್ದ ಸಂದೇಶವನ್ನು ಅದು ತಲುಪಿಸಲಾರದು.

ಆದುದರಿಂದ ಈ ಕೆಳಕಂಡ ಕ್ರಮಗಳನ್ನು ತಪ್ಪದೆ ಪಾಲಿಸತಕ್ಕದ್ದು:

(ಅ) ತುರ್ತು ಕರೆ ಪಡೆದವರು ನಿಗದಿತ ಆಂತರಿಕ ದೂರವಾಣಿ ಸಂಖ್ಯೆಗೆ ಉತ್ತರಿಸುವ ನಿಯಮವನ್ನು ಜಾರಿಗೊಳಿಸುವುದು.

(ಆ) ನಿಗದಿತ ಅವಧಿಯೊಳಗೆ, ಉದಾಹರಣೆಗೆ ಒಂದು ನಿಮಿಷದೊಳಗೆ, ಉತ್ತರ ಬಾರದಿದ್ದಲ್ಲಿ ಮರುಕರೆ ಮಾಡಿ, ಜೊತೆಯಲ್ಲಿಯೇ ದೂರವಾಣಿ ಅಥವಾ ಧ್ವನಿವರ್ಧಕದ ಮೂಲಕ ಕರೆಯುವುದು.

(ಇ) ಪ್ರತಿ ಪಾಳಿಯ ಆರಂಭದಲ್ಲಿ ತುರ್ತು ತಂಡಕ್ಕೆ ಪರೀಕ್ಷಾ ಕರೆ ಕಳುಹಿಸಿ, ಪ್ರತಿಯೊಬ್ಬರ ಉತ್ತರವನ್ನೂ ವಹಿಯಲ್ಲಿ ಗುರುತು ಮಾಡುವುದು.

(ಈ) ಪರೀಕ್ಷಾ ಪೇಜರ್ ಒಂದನ್ನು ನಿರ್ವಾಹಕರ ಕೊಠಡಿಯಲ್ಲಿಯೇ ಇರಿಸಿ, ತುರ್ತು ಗುಂಪಿನ ಕ್ಯಾಪ್‌ಕೋಡ್ ಅನ್ನು ಅದರಲ್ಲಿಯೂ ಅಳವಡಿಸುವುದು. ಅದು ಸದ್ದು ಮಾಡದಿದ್ದಲ್ಲಿ ದೋಷವನ್ನು ತಕ್ಷಣ ತಿಳಿಯಬಹುದು.

10. ಗೋಪ್ಯತೆ

ಪೋಕ್‌ಸ್ಯಾಗ್ ಸಂದೇಶಗಳು ಗೂಢಲಿಪಿಯಲ್ಲಿರುವುದಿಲ್ಲ. ಅದೇ ಫ್ರೀಕ್ವೆನ್ಸಿಗೆ ಹೊಂದಿಸಿದ ಗ್ರಾಹಕ ಯಂತ್ರ ಹಾಗೂ ಕಂಪ್ಯೂಟರ್ ಇದ್ದವರು ಆವರಣದ ಹೊರಗಿನಿಂದಲೂ ಅವನ್ನು ಓದಬಲ್ಲರು. ಆದ್ದರಿಂದ ರೋಗಿಯ ಹೆಸರು, ಕಾಯಿಲೆ, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಸಂದೇಶದಲ್ಲಿ ಸೇರಿಸಬಾರದು. ವಾರ್ಡ್ ಮತ್ತು ಹಾಸಿಗೆಯ ಸಂಖ್ಯೆ ಸಾಕಾಗುತ್ತದೆ.

11. ಸಾಮಾನ್ಯ ದೋಷಗಳು ಮತ್ತು ಪರಿಹಾರ

(ಅ) ಯಾವ ಪೇಜರೂ ಸ್ಪಂದಿಸದಿದ್ದಲ್ಲಿ: ಆಂಟೆನಾ ಕೇಬಲ್, ಫ್ರೀಕ್ವೆನ್ಸಿ, ವೇಗ ಹಾಗೂ ಸಂಕೇತದ ದಿಕ್ಕನ್ನು ಈ ಕ್ರಮದಲ್ಲಿಯೇ ಪರಿಶೀಲಿಸುವುದು.

(ಆ) ಒಂದು ಪೇಜರ್ ಮಾತ್ರ ಸ್ಪಂದಿಸದಿದ್ದಲ್ಲಿ: ಬ್ಯಾಟರಿಯನ್ನು ನೋಡಿ, ಕ್ಯಾಪ್‌ಕೋಡ್ ಅನ್ನು ವಹಿಯೊಂದಿಗೆ ಅಂಕಿಯಂಕಿಯಾಗಿ ಹೋಲಿಸುವುದು.

(ಇ) ಅರ್ಥವಿಲ್ಲದ ಅಂಕಿಗಳು ಮೂಡಿದಲ್ಲಿ: ಅಕ್ಷರ ಸಂದೇಶವು ಅಂಕಿ ಸಂದೇಶದ ಕಾರ್ಯ ಸಂಖ್ಯೆಯಲ್ಲಿ ಹೋಗಿರುವ ಸಂಭವವಿದೆ, ಅದನ್ನು ಸರಿಪಡಿಸುವುದು.

(ಈ) ಕೆಲವು ಸ್ಥಳಗಳಲ್ಲಿ ಮಾತ್ರ ಕರೆ ತಲುಪದಿದ್ದಲ್ಲಿ: ನೆಲಮಾಳಿಗೆ, ಲಿಫ್ಟ್, ಸೀಸದ ಹೊದಿಕೆಯುಳ್ಳ ಎಕ್ಸ್-ರೇ ಕೊಠಡಿಗಳಲ್ಲಿ ನಡೆದಾಡಿ ಪರೀಕ್ಷಿಸಿ, ಆಂಟೆನಾದ ಸ್ಥಳ ಬದಲಿಸುವುದು. ಪರವಾನಗಿಯ ಮಿತಿ ಮೀರಿ ಪ್ರಸಾರ ಶಕ್ತಿಯನ್ನು ಹೆಚ್ಚಿಸಬಾರದು.

(ಉ) ಕಂಪ್ಯೂಟರ್‌ನಿಂದ ಬಂದ ಸಂದೇಶ ಮಾತ್ರ ಕೆಟ್ಟಿದ್ದಲ್ಲಿ: ಸೀರಿಯಲ್ ಪೋರ್ಟ್‌ನ ವೇಗ ಹಾಗೂ ಪ್ಯಾರಿಟಿ ಎರಡೂ ಕಡೆ ಒಂದೇ ಆಗಿವೆಯೇ ಎಂದು ನೋಡುವುದು.

12. ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಮೊಬೈಲ್ ದೂರವಾಣಿ ಇರುವಾಗ ಪೇಜಿಂಗ್ ವ್ಯವಸ್ಥೆ ಅವಶ್ಯಕವೇ?
ಉತ್ತರ: ಎಲ್ಲ ಸಂಸ್ಥೆಗಳಿಗೂ ಅವಶ್ಯಕವಲ್ಲ. ಮೊಬೈಲ್ ಸಂಕೇತ ದೊರೆಯದ ಕಟ್ಟಡಗಳಲ್ಲಿ ಅಥವಾ ಜಾಲವು ಸ್ಥಗಿತಗೊಂಡಾಗಲೂ ಕರೆ ನಿಲ್ಲಬಾರದ ಕಡೆಗಳಲ್ಲಿ ಇದು ಉಪಯುಕ್ತ.

ಪ್ರಶ್ನೆ: 2024ರ ಸೆಪ್ಟೆಂಬರ್ 17ರಂದು ಲೆಬನಾನ್ ದೇಶದಲ್ಲಿ ಪೇಜರ್‌ಗಳು ಸ್ಫೋಟಗೊಂಡವು. ಪೇಜರ್ ಇರಿಸಿಕೊಳ್ಳುವುದು ಅಪಾಯಕರವೇ?
ಉತ್ತರ: ಆ ಪೇಜರ್‌ಗಳೊಳಗೆ ಸ್ಫೋಟಕವನ್ನು ಮುಂಚಿತವಾಗಿ ಅಡಗಿಸಿಡಲಾಗಿತ್ತು. ಸಾಮಾನ್ಯ ಪೇಜರ್‌ಗೆ ರೇಡಿಯೋ ಸಂದೇಶದಿಂದ ಅಂತಹ ಅಪಾಯವಿರುವುದಿಲ್ಲ. ಆದರೂ ಉಪಕರಣಗಳನ್ನು ಮೂಲ ತಿಳಿದ ಮಾರಾಟಗಾರರಿಂದ ರಸೀತಿ ಸಹಿತ ಖರೀದಿಸುವುದು ಸೂಕ್ತ.

ಪ್ರಶ್ನೆ: ಪೇಜರ್ ಕಳೆದುಹೋದಲ್ಲಿ ಏನು ಮಾಡಬೇಕು?
ಉತ್ತರ: ವಹಿಯಲ್ಲಿ ನಮೂದಿಸಿ, ಆ ಕ್ಯಾಪ್‌ಕೋಡ್ ಅನ್ನು ಎನ್‌ಕೋಡರ್‌ನಿಂದ ತೆಗೆದುಹಾಕಿ, ಹೊಸ ಪೇಜರ್‌ಗೆ ಬೇರೆ ಕ್ಯಾಪ್‌ಕೋಡ್ ನೀಡತಕ್ಕದ್ದು. ಗುಂಪಿನ ಸಾಮಾನ್ಯ ಕ್ಯಾಪ್‌ಕೋಡ್ ಕೂಡ ಕಳೆದುಹೋದ ಪೇಜರ್‌ನಲ್ಲಿದ್ದಲ್ಲಿ ಅದನ್ನೂ ಬದಲಾಯಿಸುವುದು ಒಳಿತು.

13. ಸೂಚನೆ

ಈ ಪುಟದ ವಿವರಗಳನ್ನು ಸಾಮಾನ್ಯ ತಿಳಿವಳಿಕೆಗಾಗಿ ನೀಡಲಾಗಿದೆ. ಆಯಾ ಯಂತ್ರದ ಕೈಪಿಡಿ ಹಾಗೂ ಪರವಾನಗಿಯ ಷರತ್ತುಗಳು ಅಂತಿಮವಾಗಿರುತ್ತವೆ. ಅರ್ಜಿದಾರರು ಉಪಕರಣದ ಬೆಲೆಯ ಜೊತೆಗೆ ನಿರ್ವಾಹಕರ ತರಬೇತಿ, ಬ್ಯಾಟರಿ ಬದಲಾವಣೆ ಮತ್ತು ಪ್ರತಿ ಪಾಳಿಯ ಪರೀಕ್ಷೆಯ ಏರ್ಪಾಡನ್ನೂ ಮುಂಚಿತವಾಗಿಯೇ ಯೋಜಿಸಿಕೊಳ್ಳಬೇಕೆಂದು ಕೋರಲಾಗಿದೆ.